ಹೊರಗೆ ಕೀಲಿ, ಒಳಗೆ ನಾನು

ಕೀಲಿ ಹಾಕಿದ ಬಾಗಿಲು ಕಂಡರೆ ನನಗೆ ಈಗಲೂ ಒಂಥರಾ ಚಡಪಡಿಕೆ. ನಮ್ಮ ಮನೆಗೇ ಕೀಲಿ ಹಾಕಿ ಹೊರಟರೂ ತಿರುತಿರುಗಿ ನೋಡುತ್ತೇನೆ, ಒಳಗೆ ಯಾರೋ ಹಸಿದು ಕೂತಿದ್ದಾರೇನೋ ಎಂಬಂತೆ. ಹೆಂಡತಿ ನಗುತ್ತಾಳೆ. ಅವಳಿಗೇನು ಗೊತ್ತು, ಹಾಗೆ ಕೂತವನು ನಾನೇ.

ಅದು ಲಡಾಯಿಯ ಕಾಲ, ಎರಡನೇ ಮಹಾಯುದ್ಧದ್ದು. ಮ್ಯಾಟ್ರಿಕ್ ಓದಲು ನಮ್ಮೂರು ತಿಕೋಟಾದಿಂದ ವಿಜಾಪುರಕ್ಕೆ ಬಂದು ಅಲ್ಲಿನ ಇಬ್ರಾಹಿಂಪುರದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದೆ. ಅಪ್ಪ ಬಾಡಿಗೆಯನ್ನಷ್ಟೇ ಲೆಕ್ಕ ಹಿಡಿದು, "ಇದರ ಮ್ಯಾಲ ಖರ್ಚು ಏರಿತಂದ್ರ ಸಾಲಿ ಸಾಕು, ಗಂಟು ಕಟ್ಟಿಕೊಂಡು ಊರಿಗೆ ಬಾ" ಎಂದಿದ್ದ. ಆದರೆ ಬಾಡಿಗೆಗೆ ಸಿಗುವುದು ನಾಲ್ಕು ಗೋಡೆ ಮಾತ್ರ. ಸಿಹಿನೀರು ಹೊತ್ತು ತರುವವಳಿಗೆ ಬೇರೆ, ಕಸಬರಿಗೆಗೆ ಬೇರೆ, ಕಂದೀಲಿನ ಗಾಜು ಒಡೆದರೆ ಅದು ಬೇರೆ. ಇವನ್ನೆಲ್ಲ ಹೇಗೋ ಸಂಭಾಳಿಸುತ್ತಿದ್ದೆ. ಸಂಭಾಳಿಸಲಾಗದೆ ಹೋದದ್ದು ಊರ ಮಂದಿಯನ್ನು.

ಕೋರ್ಟು, ಸಂತೆ, ದವಾಖಾನೆ ಎಂದು ಊರಿಂದ ಯಾರೇ ಬರಲಿ, ವಸತಿ ನನ್ನ ಖೋಲಿಯಲ್ಲೇ. ಅತಿಥಿಯೆಂದರೆ ತಿಥಿ ನೋಡದೆ ಬರುವವನು ಎಂದು ಸಂಸ್ಕೃತದ ಮಾಸ್ತರರು ಕಲಿಸಿದ್ದರು. ನನ್ನ ಅತಿಥಿಗಳು ಮಾತ್ರ ಕೋರ್ಟಿನ ತಾರೀಖು ನೋಡಿಕೊಂಡೇ ಬರುತ್ತಿದ್ದರು. ಅವರಿಗೆ ಚಹಾ ಆಗಬೇಕು, ಮನೆಯಿಂದ ಬಂದ ನನ್ನ ಬುತ್ತಿಯಲ್ಲಿ ಪಾಲಾಗಬೇಕು, ಆಮೇಲೆ ಕಂದೀಲು ದೊಡ್ಡದು ಮಾಡಿ ದಾವೆಯ ಕಥೆಯಾಗಬೇಕು. ರೇಷನ್ನಿನ ಚಿಮಣಿ ಎಣ್ಣೆಯೆಲ್ಲ ಯಾರದೋ ಹೊಲದ ಬದುವಿನ ತಂಟೆಗೇ ಉರಿದುಹೋಗುತ್ತಿತ್ತು. ಪರೀಕ್ಷೆ ಹತ್ತಿರ ಬಂತು. ಹೊರಗೆ ಚಪ್ಪಲಿ ಸದ್ದಾದರೆ ಸಾಕು, ಪುಸ್ತಕ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದೆ.

ಕೊನೆಗೆ ಇನ್ನೂ ಒಂದು ಖರ್ಚು ಮಾಡಿದೆ, ಕೀಲಿ ಕೊಂಡೆ. ಅದನ್ನು ಹೊರಗಿನಿಂದ ಜಡಿದು, ಸರಳಿಲ್ಲದ ಹಿಂದಿನ ಕಿಟಕಿಯಿಂದ ಒಳಗಿಳಿದು ಓದುತ್ತ ಕೂತೆ. ಏನು ಸುಖ! ಯಾರೋ ಬಂದರು, ಬಾಗಿಲು ಬಡಿದರು, "ತಮ್ಮಾ" ಎಂದು ಕೂಗಿದರು, ಹೋದರು. ಉಸಿರು ಬಿಗಿಹಿಡಿದಿದ್ದವನು ಗೆದ್ದೆನೆಂದುಕೊಂಡೆ. ಆಮೇಲೆ ತಿಳಿಯಿತು, ಬಂದಿದ್ದವನು ಊರಲ್ಲಿ ನಮ್ಮ ನೆರೆಮನೆಯ ಸಂಗಪ್ಪ. ಅವನ ಕೈಯಲ್ಲಿದ್ದದ್ದು ನನ್ನದೇ ವಾರದ ಬುತ್ತಿ. ಅವ್ವ ಬಡಿದ ರೊಟ್ಟಿ ಹಾಗೇ ತಿಕೋಟಾಕ್ಕೆ ತಿರುಗಿ ಹೋಯಿತು, ಹುಡುಗ ಖೋಲಿಯಲ್ಲಿರದೆ ಎಲ್ಲೋ ಅಲೆಯುತ್ತಾನೆ ಎಂಬ ಸುದ್ದಿಯ ಸಮೇತ.

ಮರುದಿನವೇ ಅಪ್ಪ ಬಂದ. ಒಳಗೆ ಕೂತ ನನಗೆ ಮೊದಲು ಅವನ ಕೆಮ್ಮು ಕೇಳಿಸಿತು, ಆಮೇಲೆ ಗುಡುಗು. "ಇವತ್ತ ಇವನ್ನ ಊರಿಗೆ ಎಳಕೊಂಡ ಹೋಗತೇನಿ!"

ಮನೆಯೊಡತಿ ಗಂಗವ್ವ ತಡೆಯಲಾರದೆ ಹೇಳಿಯೇಬಿಟ್ಟಳು. "ಎಲ್ಲೂ ತಿರಗಾಕ ಹೋಗಿಲ್ರಿ ಯಜಮಾನ್ರ, ಒಳಗ ಕುಂತಾನ. ನಿಮ್ಮೂರ ಮಂದಿಗೆ ಅಂಜಿ ಹೊರಗ ಕೀಲಿ ಹಾಕ್ಯಾನ."

ಕಿಟಕಿಯಿಂದ ಹಾರಿ, ಸುತ್ತು ಹಾಕಿ ಬಂದು ಕೀಲಿ ತೆಗೆದೆ. ಅಪ್ಪ ಒಳಗೆ ಬಂದು ಎಣ್ಣೆಯಿಲ್ಲದ ಕಂದೀಲು ನೋಡಿದ, ಖಾಲಿ ರೊಟ್ಟಿಬುಟ್ಟಿ ನೋಡಿದ. ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ನೆಲದ ಮೇಲೆ ಕೂತ.

"ಮಂದಿಗೆ ನಾನ ಹೇಳೇನಿ" ಎಂದ ಕೊನೆಗೆ. "ವಿಜಾಪುರದಾಗ ನಮ್ಮ ಹುಡುಗಂದು ಖೋಲಿ ಐತಿ, ಅಲ್ಲೇ ಇರ್ರಿ ಅಂತ. ಹಂಗ ಹೇಳೂವಾಗ ಭಾಳ ಖುಷಿ ಆಗತಿತ್ತಪಾ."

ಊರ ಮಂದಿಯ ಮೇಲಿದ್ದ ನನ್ನ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯಲಿಲ್ಲ. ಅಪ್ಪ ನನ್ನನ್ನು ಅಲ್ಲೇ ಬಿಟ್ಟು ಕೀಲಿಯನ್ನು ಮಾತ್ರ ಊರಿಗೆ ಒಯ್ದ. ಮುಂದಿನ ತಾರೀಖಿನಿಂದ ಊರವರು ತಮ್ಮ ತಮ್ಮ ಎಣ್ಣೆ, ತಮ್ಮ ರೊಟ್ಟಿ ತಂದರು. ದಾವೆಯ ಕಥೆ ಮಾತ್ರ ಗಿಡ್ಡವಾಗಲಿಲ್ಲ. ಅದರ ನಡುವೆಯೇ ಓದಿ ಪಾಸಾದೆ. ಆ ಖೋಲಿಗೆ ಸುರಿದ ಖರ್ಚಿನಲ್ಲಿ ಈಗಲೂ ನನ್ನನ್ನು ಚುಚ್ಚುವುದು ಕೀಲಿಯದೊಂದೇ. ಉಳಿದದ್ದೆಲ್ಲ ಅಪ್ಪನ ಖುಷಿಗೆ ಕೊಟ್ಟ ಬಾಡಿಗೆ.