ಬೇವಿನ ನೆರಳಲ್ಲಿ ಒಂದು ಪೂಜೆ

ಕಲಬುರಗಿಯ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ಮಗಳು ಫೋನಿನಲ್ಲಿ ಇಷ್ಟೇ ಹೇಳಿದ್ದಳು: “ಅವ್ವಾ, ಬಂದು ನನ್ನ ಕರಕೊಂಡ ಹೋಗು. ಓದು ಸಾಕಾಗ್ಯಾದ.” ಅವಳು ಮಾತು ಕಡಿಮೆ ಮಾಡಿ ತಿಂಗಳುಗಳೇ ಆಗಿದ್ದವು. ಕ್ಲಾಸಿಗೂ ಹೋಗುತ್ತಿರಲಿಲ್ಲವಂತೆ. ಮರುದಿನ ಸೇಡಂನಿಂದ ಮೊದಲ ಬಸ್ಸಿಗೇ ಹೊರಟೆ. ಸ್ನಾನವಾಗಿತ್ತು, ಲಿಂಗಪೂಜೆ ಉಳಿದಿತ್ತು. ಪೂಜೆಯಾಗದೆ ನಾನು ಹನಿ ನೀರೂ ಕುಡಿಯುವುದಿಲ್ಲ.

ಹಾಸ್ಟೆಲಿನ ಬಾಗಿಲಿಗೆ ಬಂದ ಮಗಳು ನನ್ನ ಮುಖ ನೋಡಿದವಳೇ ಕೇಳಿದಳು: “ತುಟಿ ಒಣಗ್ಯಾವ. ಪೂಜಿ ಆಗಿಲ್ಲೇನು?”

ಅಷ್ಟು ಗಮನಿಸಿದಳಲ್ಲ ಎಂದು ಶಿವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಹೊರಗಿನವರನ್ನು ಕೋಣೆಗೆ ಬಿಡುವುದಿಲ್ಲ. ಅವಳು ಒಂದು ತಂಬಿಗೆ ನೀರು ಹಿಡಿದು ಗ್ರಂಥಾಲಯದ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಸಾಲು ಬೇವಿನ ಮರಗಳು, ಕೆಳಗೆ ಹಸಿ ಹುಲ್ಲು. ಸಿಮೆಂಟ್ ಕಾರ್ಖಾನೆಯ ನಮ್ಮ ಕ್ವಾರ್ಟರ್ಸಿನ ಕಡೆ ಎಲೆಗಳ ಮೇಲೆ ಸದಾ ಬೂದು ಧೂಳು; ಇಲ್ಲಿ ಹಸಿರು ಹಸಿರಾಗಿಯೇ ಇತ್ತು. ದೂರದೂರ ಒಬ್ಬೊಬ್ಬರೇ ಹುಡುಗಿಯರು ಕೂತಿದ್ದರು.

ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಪೂಜೆ ಮುಗಿಯುವ ತನಕ ಮಾತಿಲ್ಲ. ಅಷ್ಟರಲ್ಲಿ ಮಾಲಿ ಪೈಪು ಎಳೆದುಕೊಂಡು ಬಂದ.

“ಏಳ್ರಿ ಅವ್ವಾರ, ನೀರು ಬಿಡೋದದ.”

ನಾನು ಅಲುಗಲಿಲ್ಲ. ಅವನು ಮತ್ತೆ ಗದರಿದ: “ಕಿವಿ ಕೇಳಂಗಿಲ್ಲೇನ್ರಿ?”

“ಕೇಳತದ ಕಾಕಾ,” ಎಂದಳು ಮಗಳು. “ಪೂಜಿ ನಡದದ, ಅಕಿ ಮಾತಾಡಂಗಿಲ್ಲ. ಆ ಕಡಿ ಗಿಡಕ್ಕ ಮೊದಲು ಬಿಡ್ರಿ.”

ಅವನು ಪೈಪು ಕೆಳಗಿಟ್ಟ. “ದಿನಾ ಇಲ್ಲೇ ಬಂದು ಮೂಕಿಯಂಗ ಕುಂದರತಿದ್ದಿ. ಇವತ್ತ ನಿನಗ ಬಾಯಿ ಬಂತು, ನಿಮ್ಮವ್ವನ ಬಾಯಿ ಹೋಯ್ತು?”

ಮಗಳು ನಕ್ಕಳು. ನಾನು ತಲೆ ಎತ್ತಲಿಲ್ಲ. ಎಲೆಗಳ ಸಂದಿನಿಂದ ಬಿಸಿಲು ಅಂಗೈ ಮೇಲೆ ಆಡುತ್ತಿತ್ತು. ಅದನ್ನೇ ನೋಡುತ್ತ ಕೂತೆ.

ಪೂಜೆಯಾದ ಮೇಲೆ ರೊಟ್ಟಿಯ ಗಂಟು ಬಿಚ್ಚಿದೆ. “ದಿನಾ ಇಲ್ಲಿ ಬರತೀಯಾ?”

“ರೂಮಿನ್ಯಾಗ ಉಸಿರು ಕಟ್ಟಿದಂಗ ಆಗತದ. ಇಲ್ಲಿ ಕುಂತ್ರ ಒಂದೀಟು ಸಡ್ಲ ಆಗತದ. ಯಾರೂ ಏನೂ ಕೇಳಂಗಿಲ್ಲ.” ಹುಲ್ಲು ಸವರಿದಳು. ಆಮೇಲೆ, “ಮನಿಗಿ ಬಂದ್ರ ಗ್ವಾಡಿ ನೋಡ್ಕೋತ ಕುಂದರಬೇಕಲ್ಲವ್ವ,” ಎಂದಳು.

ರೊಟ್ಟಿ ಮುರಿದು ಅವಳ ಕೈಗಿಟ್ಟೆ. ಗಂಡ ಪಾಳಿಗೆ ಹೋದ ಮೇಲೆ ಆ ಗೋಡೆಗಳನ್ನು ನೋಡುತ್ತ ಕೂರುವವಳು ನಾನೇ. ಅವಳು ಬಂದರೆ ಮನೆಯಲ್ಲಿ ಇನ್ನೊಂದು ಉಸಿರು ಇರುತ್ತದೆ ಎಂದು ಬಸ್ಸಿನಲ್ಲಿ ಬರುವಾಗಲೇ ಅಂದುಕೊಂಡಿದ್ದೆ.

“ನಿಂಗ ಹೆಂಗ ಬೇಕೋ ಹಂಗ ಮಾಡು,” ಎಂದೆ. “ಬರತೀನಂದ್ರ ಈಗೇ ಹೋಗೋಣ. ಇರತೀನಂದ್ರ ಮನಸಿನ್ಯಾಗಿಂದು ಯಾರಿಗರ ಹೇಳು. ಬರೇ ಗಿಡಕ್ಕ ಹೇಳಬ್ಯಾಡ.”

“ಡಿಪಾರ್ಟ್‌ಮೆಂಟಿನ್ಯಾಗ ಒಬ್ಬರು ಮೇಡಂ ಅದಾರ. ಬಾ ಅಂತ ಭಾಳ ಸಲ ಕರದಾರ.” ರೊಟ್ಟಿಯ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. “ಇವತ್ತ ಅವರದೇ ಕ್ಲಾಸ್ ಅದ. ನೋಡ್ತೀನಿ. ನಾ ಬಸ್ ಸ್ಟಾಪ್ ತನಕ ಬಂದ್ರ ಕ್ಲಾಸಿಗಿ ಹೊತ್ತಾಗತದ. ಒಬ್ಬಾಕಿನೇ ಹೋಗ್ತಿಯೇನು?”

“ಹೋಗ್ತೀನಿ,” ಎಂದೆ.

ಅವಳು ಮರಗಳ ನಡುವಿನ ದಾರಿ ಹಿಡಿದು ಹೋದಳು. ಕಾಣದಾಗುವವರೆಗೂ ನಿಂತು, ಆಮೇಲೆ ನಾನೂ ಗೇಟಿನ ಕಡೆ ನಡೆದೆ.