ಮೂರು ಆಶೀರ್ವಾದ ಕೇಳಿದವರು

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಕ್ಯಾನ್ವಾಸಿನ ಚೀಲವೊಂದನ್ನು ವರ್ಷಗಟ್ಟಲೆ ಅದೇ ಭುಜಕ್ಕೆ ನೇತುಹಾಕಿಕೊಂಡು ತಿರುಗಿದ್ದರ ಫಲ ಅದು. ಚೀಲ ಇಳಿಸಿದರೂ ಭುಜ ಮೇಲೇಳುತ್ತಿರಲಿಲ್ಲ. ದರ್ಜಿ ಅವರೊಬ್ಬರಿಗೆ ಮಾತ್ರ ಎರಡು ಕಡೆಯೂ ಬೇರೆ ಬೇರೆ ಅಳತೆ ತೆಗೆಯುತ್ತಿದ್ದ. ಚೀಲದೊಳಗೆ ಬೈಬಲ್ಲು, ಹೊಸ ಒಡಂಬಡಿಕೆ, ಒಂದೊಂದೇ ಸುವಾರ್ತೆಯ ತೆಳು ಪುಸ್ತಕಗಳು. ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡು, ಬೇಗೂರು, ಹಂಗಳ, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿ ಸೈಕಲ್ ನಿಲ್ಲಿಸಿ ಮಾರುತ್ತಿದ್ದರು. ಊರಿಗೆಲ್ಲ ಅವರು ಪುಸ್ತಕದಯ್ಯ.

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ. ನಾನು ಅಲ್ಲಿಂದ ಗುಂಡ್ಲುಪೇಟೆಯ ಶಾಲೆಗೆ ಟೀಚರಾಗಿ ವರ್ಗವಾಗಿ ಬಂದಿದ್ದೆ. ಆಗ ಊರಿನಲ್ಲಿ ನಮ್ಮ ಕ್ರೈಸ್ತರು ಸೇರುತ್ತಿದ್ದ ಕಡೆ ಮೂರು. ಒಂದು ಕ್ಯಾಥೊಲಿಕರ ದೇವಾಲಯ, ಒಂದು ನಮ್ಮ ಪ್ರಾಟೆಸ್ಟೆಂಟ್ ಸಭೆ, ಮತ್ತೊಂದು ಹೊಸದಾಗಿ ಎದ್ದಿದ್ದ ತಗಡಿನ ಶೆಡ್ಡಿನ ಪ್ರಾರ್ಥನಾ ಮಂದಿರ. ಮೂರನ್ನೂ ಸೇರಿಸಿದರೆ ಮದುವೆ ಮನೆಯ ಎರಡು ಪಂಕ್ತಿ ತುಂಬುತ್ತಿರಲಿಲ್ಲ. ಅಷ್ಟಾದರೂ ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗುತ್ತಿರಲಿಲ್ಲ, ಹೋದರೆ ಮುಂದಿನ ಭಾನುವಾರ ವಿಚಾರಣೆ.

ಪುಸ್ತಕದಯ್ಯ ಒಬ್ಬರೇ ಮೂರೂ ಕಡೆ ಹೋಗುತ್ತಿದ್ದರು. ಭಾನುವಾರ ಬೆಳಗಿನ ಪೂಜೆಗೆ ಫಾದರ್ ಹತ್ತಿರ, ಹತ್ತು ಗಂಟೆಗೆ ನಮ್ಮಲ್ಲಿ, ಊಟದ ಮೇಲೆ ಶೆಡ್ಡಿನಲ್ಲಿ. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕಂಡಿದ್ದೇವೆ, ಮೂರು ದೋಣಿಯವರು ಇವರೊಬ್ಬರೇ ಎಂದು ನಮ್ಮ ಸಭೆಯಲ್ಲಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಮ್ಮೆ ಕೇಳಿಯೇಬಿಟ್ಟೆ, "ಅಯ್ಯ, ನೀವು ನಿಜವಾಗಿ ಯಾವ ಸಭೆಯವರು?"

"ಪುಸ್ತಕ ಮಾರೋನ್ಗೆ ಯಾವ ಸಭೆ ಕಣವ್ವ? ಮೂರ್ ಕಡೆಯೋರೂ ತಕೊಳೋದು ಅದೇ ಪುಸ್ತಕವ. ಫಾದರ್ ಕಡೇದು ವಸಿ ದಪ್ಪ, ಅಷ್ಟೇಯ."

ಅವರು ಉಡಿಗಾಲದ ಒಕ್ಕಲು ಮನೆಯವರು. ಹರೆಯದಲ್ಲಿ ಚಾಮರಾಜನಗರದ, ನಮ್ಮದೇ ಪಂಗಡದ ಒಂದು ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಮನೆಯವರು ದೂರವಾದರು. ಮದುವೆಯಾಗಲಿಲ್ಲ. ಊರಿನ ಮಾತು ಬಂದರೆ ಅಣ್ಣನ ಮಗನನ್ನು ನೆನೆಯುತ್ತಿದ್ದರು. ಅವನೊಬ್ಬ ಮಾತ್ರ ಎಲ್ಲಾದರೂ ಸಿಕ್ಕರೆ ಮಾತಾಡಿಸುತ್ತಿದ್ದನಂತೆ.

ಒಂದು ಮಧ್ಯಾಹ್ನ ಶಾಲೆಯ ಜಗುಲಿಯಲ್ಲಿ ಕೂತು ಹಂಗಳದ ಕಥೆ ಹೇಳಿದರು. ಅಲ್ಲಿ ಕೂಲಿ ಮಾಡುವ ಒಬ್ಬ ಹೆಂಗಸು ಇವರಿಂದ ಲೂಕನ ಸುವಾರ್ತೆ ಕೊಂಡಿದ್ದಳು. ಓದಲು ಬಾರದು. ಶಾಲೆಗೆ ಹೋಗುವ ಮಗಳು ಓದಿ ಹೇಳುತ್ತಿದ್ದಳು. ಗಂಡ ಹಾಸಿಗೆ ಹಿಡಿದಿದ್ದ. ಯಾರಾದರೂ ಬಂದು ಅವನಿಗಾಗಿ ಪ್ರಾರ್ಥನೆ ಮಾಡಲಿ ಎಂದು ಕೇಳಿದಳು. ಇವರು ಸಂತೋಷ ತಡೆಯಲಾರದೆ ಮೂರೂ ಕಡೆ ಹೇಳಿಬಂದರು. ಮೂರೂ ಕಡೆಯವರು ಒಂದೇ ವಾರದಲ್ಲಿ ಹೋದರು, ಬೇರೆ ಬೇರೆಯಾಗಿ. ಹೋದವರೆಲ್ಲ ಪ್ರಾರ್ಥನೆ ಮಾಡಿ, ಬರುವಾಗ ಮಿಕ್ಕವರನ್ನು ಒಳಗೆ ಸೇರಿಸಬೇಡ ಎಂದು ಹೇಳಿ ಬಂದರು. ಅತ್ತ ಬೇಗೂರಿನ ಕಡೆ ಇದೇ ರೀತಿ ಕೇಳಿದ್ದ ಎರಡು ಮನೆಗೆ ಯಾರೂ ಹೋಗಿರಲಿಲ್ಲ.

"ಆಯಮ್ಮ ನನ್ನ ಏನ್ ಕೇಳುದ್ಲು ಗೊತ್ತಾ? 'ಅಯ್ಯ, ನಿಮ್ಮ ಯೇಸು ಎಷ್ಟ್ ಜನ? ಯಾರ್ನ ಒಳಕ್ಕೆ ಕರೀಲಿ, ಯಾರ್ನ ಆಚೆ ನಿಲ್ಸಲಿ ಯೇಳಿ' ಅಂದ್ಲು ಕಣವ್ವ."

ಹೇಳಿ ನಕ್ಕರು. ಆಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. ಕನ್ನಡಕದಲ್ಲಿ ಧೂಳೇನೂ ಇರಲಿಲ್ಲ.

ಅಂದಿನಿಂದ ಅವರಿಗೆ ಒಂದೇ ಹಟ. ಮೂರು ಸಭೆಯವರೂ ಒಂದು ಸಲ, ಒಂದೇ ಒಂದು ಸಲ, ಒಟ್ಟಿಗೆ ನಿಂತು ಪ್ರಾರ್ಥನೆ ಮಾಡಬೇಕು. ಆ ಹೆಂಗಸು ಅದನ್ನು ಕಣ್ಣಾರೆ ನೋಡಬೇಕು. ಆಮೇಲೆ ಊರುಗಳನ್ನು ಹಂಚಿಕೊಂಡು, ನೀವು ಹಂಗಳ ನಾವು ಬೇಗೂರು ಎಂದು ಕೆಲಸ ಮಾಡಬೇಕು. ಕಾಯಿಲೆಗೆ, ಸಾವಿಗೆ ಒಬ್ಬರಿಗೊಬ್ಬರು ಆಗಬೇಕು. ಇಷ್ಟಕ್ಕಾಗಿ ಆ ಭುಜ ಹೊತ್ತುಕೊಂಡು ಎಂಟು ತಿಂಗಳು ಮೂರು ಬಾಗಿಲು ತುಳಿದರು. ಕೊನೆಗೆ, ನಮಗೆಲ್ಲ ಆಶ್ಚರ್ಯವಾಗುವಂತೆ, ಮೂವರೂ ಒಪ್ಪಿದರು. ಒಂದು ಶನಿವಾರ ಮಧ್ಯಾಹ್ನ, ನಮ್ಮ ಸಭೆಯ ಕಟ್ಟಡದಲ್ಲಿ.

ಅವರು ಹೇಗೆ ಒಪ್ಪಿಸಿದ್ದರು ಎನ್ನುವುದು ತಿಳಿದದ್ದು ಆ ದಿನವೇ. ನಮ್ಮಲ್ಲಿ ಕೂಟದ ಕೊನೆಗೆ ಕೈಯೆತ್ತಿ ಆಶೀರ್ವಾದ ಹೇಳುವವರೇ ಆ ಕೂಟಕ್ಕೆ ಹಿರಿಯರು. ಪುಸ್ತಕದಯ್ಯ ಫಾದರಿಗೆ, ನಮ್ಮ ಸಭಾಪಾಲಕರಿಗೆ, ಶೆಡ್ಡಿನ ಪಾಸ್ಟರಿಗೆ, ಮೂವರಿಗೂ ಬೇರೆ ಬೇರೆಯಾಗಿ "ಕೊನೇ ಆಶೀರ್ವಾದ ತಮ್ದೇಯ" ಎಂದು ಹೇಳಿ ಕರೆದಿದ್ದರು.

ಹಾಡು ಚೆನ್ನಾಗಿಯೇ ಆಯಿತು. ಓದೂ ಆಯಿತು. ಕೊನೆಗೆ ಎಲ್ಲರೂ ತಲೆ ಬಾಗಿಸಿದಾಗ ಮುಂದುಗಡೆ ಮೂವರೂ ಒಟ್ಟಿಗೆ ಎದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕೂರಲಿಲ್ಲ, ಯಾರೂ ಕೈಯೆತ್ತಲೂ ಇಲ್ಲ. ಫಾದರ್ ಮೊದಲು ಸಣ್ಣಗೆ ನಕ್ಕು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಪಾಸ್ಟರ್ "ನಮ್ಮನ್ನ ಕರೆಸಿ ಅವಮಾನ ಮಾಡಿದ್ರಿ" ಎಂದು ತಮ್ಮವರನ್ನು ಎಬ್ಬಿಸಿಕೊಂಡು ನಡೆದರು. ನಮ್ಮ ಸಭಾಪಾಲಕರಾದರೂ ಆಶೀರ್ವಾದ ಹೇಳಬಹುದಿತ್ತು. ಅವರು ಸಿಟ್ಟಿನಲ್ಲಿ ಪಕ್ಕದ ಕೋಣೆಗೆ ಹೋಗಿ ನಿಲುವಂಗಿ ಕಳಚಿದರು. ಹಂಗಳದ ಆ ಹೆಂಗಸು ಹಿಂದೆ ಚಾಪೆಯ ಮೇಲೆ ಮಗಳ ಜೊತೆ ಸೆರಗು ಹೊದ್ದು ತಲೆ ತಗ್ಗಿಸಿಕೊಂಡೇ ಕೂತಿದ್ದಳು. ಕೂಟ ಮುಗಿದದ್ದು ಅವಳಿಗೆ ಗೊತ್ತಾಗಲಿಲ್ಲ. ಎಲ್ಲರೂ ಹೋಗಿಯಾಗಿದೆ ಎಂದು ನಾನೇ ಭುಜ ಮುಟ್ಟಿ ಹೇಳಬೇಕಾಯಿತು.

"ಮುಗೀತಾ? ಸರಿ ಬುಡಿ," ಎಂದಳು. ಬಸ್ಸಿಗೆ ಹೊತ್ತಾಗುತ್ತದೆ ಎಂದು ಮಗಳ ಕೈ ಹಿಡಿದುಕೊಂಡು ಹೊರಟಳು. ಆಮೇಲೆ ಅವಳು ನಮ್ಮಲ್ಲಿ ಯಾರ ಕಡೆಗೂ ಬರಲಿಲ್ಲ.

ಪುಸ್ತಕದಯ್ಯ ಬಾಗಿಲ ಬಳಿ ಚಾಪೆ ಸುತ್ತುತ್ತಿದ್ದರು. ನನಗೆ ಸಿಟ್ಟು ಬಂದಿತ್ತು. "ಹಾಗ್ಯಾಕೆ ಮೂವರಿಗೂ ಹೇಳಿದ್ರಿ ಅಯ್ಯ?" ಎಂದೆ.

"ಉಡಿಗಾಲದಲ್ಲಿ ಮದ್ವೆ ಅಂದ್ರೆ ಗಂಡು ಎಣ್ಣಿನ ತಲೆ ಮ್ಯಾಲೆ ಊರೋರೆಲ್ಲಾ ಅಕ್ಷತೆ ಆಕ್ತಾರೆ ಕಣವ್ವ. ಒಬ್ರು ಆಕುದ್ರೆ ಇನ್ನೊಬ್ರುದು ಕೆಟ್ಟೋಯ್ತದಾ? ಒಬ್ರಾದ್ಮೇಲೆ ಒಬ್ರು ಯೇಳ್ತಾರೆ ಅಂದ್ಕಬುಟ್ಟೆ. ನಾನೇ ಕೆಡಿಸ್ಬುಟ್ಟೆ."

ಹೌದು, ನೀವೇ ಕೆಡಿಸಿದಿರಿ ಎಂದುಕೊಂಡೆ ನಾನು. ಆ ದಿನ ನಿಜವಾಗಿ ಹಾಗೇ ಅನ್ನಿಸಿತ್ತು. ಮೂವರು ದೊಡ್ಡ ಮನುಷ್ಯರ ತಪ್ಪನ್ನು ಒಬ್ಬ ಮುದುಕನ ತಲೆಗೆ ಕಟ್ಟುವುದು ಎಷ್ಟು ಸುಲಭ! ಮೂರೂ ಕಡೆಯವರು ಯಾವುದರಲ್ಲೂ ಒಂದಾಗದವರು ಇದೊಂದರಲ್ಲಿ ಒಂದಾದರು. ಪುಸ್ತಕದಯ್ಯ ಎರಡು ನಾಲಿಗೆಯ ಮನುಷ್ಯ, ನಂಬಬಾರದು ಎಂದರು. ಅವರು ಆಮೇಲೂ ಮೂರು ಕಡೆಗೂ ಹೋದರು. ಕೊನೆಯ ಸಾಲಿನಲ್ಲಿ ಕೂತು, ಯಾರನ್ನೂ ಮಾತಾಡಿಸದೆ ಎದ್ದುಬರುತ್ತಿದ್ದರು.

ಮುಂದಿನ ವರ್ಷ ಅವರಿಗೆ ಕಾಮಾಲೆ ಆಯಿತು. ಆಸ್ಪತ್ರೆಗೆ ಸೇರಿದ ಐದನೆಯ ದಿನ ಬೆಳಿಗ್ಗೆ ತೀರಿಕೊಂಡರು. ಮಣ್ಣು ಎಲ್ಲಿ ಮಾಡುವುದು ಎಂಬ ಪ್ರಶ್ನೆ ಎದ್ದಿತು. ಫಾದರ್ ಕಡೆಯವರು, ಅವರು ನಮ್ಮಲ್ಲಿ ದೀಕ್ಷಾಸ್ನಾನ ಪಡೆದವರಲ್ಲ ಎಂದರು. ಶೆಡ್ಡಿನವರಿಗೆ ಸಮಾಧಿ ಜಾಗವೇ ಇರಲಿಲ್ಲ. ಉಳಿದವರು ನಾವು. ನಮ್ಮ ಕಮಿಟಿ ಅವಸರವಾಗಿ ಸೇರಿತು. ಅವರ ಸದಸ್ಯತ್ವ ಚಾಮರಾಜನಗರದಿಂದ ಇಲ್ಲಿಗೆ ವರ್ಗವಾಗಿಲ್ಲ ಎಂದು ಒಬ್ಬರು ತೆಗೆದರು. ಇವರಿಗೆ ಜಾಗ ಕೊಟ್ಟರೆ ನಾಳೆ ಶೆಡ್ಡಿನವರೂ ಕೇಳುತ್ತಾರೆ ಎಂದು ಇನ್ನೊಬ್ಬರು. ಹೆಂಗಸರಲ್ಲಿ ಆ ಕಮಿಟಿಗೆ ಬಂದವಳು ನಾನೊಬ್ಬಳೇ, ಅಕ್ಷರ ಚೆನ್ನಾಗಿದೆಯೆಂದು ಕಾರ್ಯದರ್ಶಿ ಮಾಡಿದ್ದರು. "ವರ್ಗಾವಣೆ ಪತ್ರ ಬಂದ ಮೇಲೆ ಪರಿಶೀಲಿಸತಕ್ಕದ್ದು" ಎಂದು ನಿರ್ಣಯವಾಯಿತು. ಹೆಣ ಆಸ್ಪತ್ರೆಯಲ್ಲಿತ್ತು. ನಾನು ಆ ನಿರ್ಣಯವನ್ನು ಚೆನ್ನಾದ ಅಕ್ಷರದಲ್ಲಿ ಬರೆದುಕೊಂಡೆ.

ಮಾರನೆಯ ಬೆಳಿಗ್ಗೆ, ಸುದ್ದಿ ತಿಳಿದು, ಉಡಿಗಾಲದಿಂದ ಅಣ್ಣನ ಮಗ ಆಸ್ಪತ್ರೆಗೆ ಟೆಂಪೋ ತಂದ. ಯಾರನ್ನೂ ಬೈಯಲಿಲ್ಲ. "ನಮ್ಮ ಚಿಕ್ಕಪ್ಪನ್ನ ನಾವು ತಕೊಂಡೋಯ್ತೀವಿ ಬುಡಿ," ಎಂದ. ಆಮೇಲೆ ನನ್ನ ಹತ್ತಿರ ಬಂದು, "ನಿಮ್ಮ ಪದ್ಧತಿ ನಮಗ್ ಗೊತ್ತಿಲ್ಲ ಕಣಮ್ಮ. ಮಣ್ಣು ಮಾಡುವಾಗ ಏನ್ ಯೇಳ್ಬೇಕು, ಒಂದ್ ಚೀಟೀಲಿ ಬರ್ಕೊಡಿ. ಓದ್ತೀವಿ," ಎಂದ.

ಬರೆದುಕೊಟ್ಟೆ. ಟೆಂಪೋದಲ್ಲಿ ಜಾಗವಿತ್ತು. ಶಾಲೆಯಿದೆ ಎಂದೆ. ರಜೆ ಕೇಳಿದ್ದರೆ ಸಿಗುತ್ತಿತ್ತು.

ಈಗ ಆ ಊರಿನಲ್ಲಿ ಸಭೆಗಳು ಮೂರಕ್ಕಿಂತ ಹೆಚ್ಚಾಗಿವೆ, ಮಾತುಕತೆ ಇನ್ನೂ ಕಡಿಮೆಯಾಗಿದೆ. ಒಗ್ಗಟ್ಟಿನ ಮೇಲೆ ಯಾರಾದರೂ ಬೋಧನೆ ಶುರು ಮಾಡಿದರೆ ನನಗೆ ಕೂತಿರಲು ಆಗುವುದಿಲ್ಲ. ಪುಸ್ತಕದಯ್ಯ ತೀರಿಕೊಂಡ ವರ್ಷವೇ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಆ ಅಣ್ಣನ ಮಗ ಸಿಕ್ಕಿದ್ದ. ತಪ್ಪಿಸಿಕೊಂಡು ಹೋಗೋಣವೆಂದರೆ ಅವನೇ ಗುರುತು ಹಿಡಿದು ನಿಂತ. ಎಲ್ಲ ಸರಿಯಾಗಿ ಆಯಿತೇ ಎಂದು ಕೇಳಿದೆ.

"ಆಯ್ತು ಕಣಮ್ಮ. ಚೀಟಿನ ನನ್ ಮಗಳು ಓದುದ್ಲು, ಊರೋರೆಲ್ಲಾ ಕೈ ಮುಗುದ್ರು. ವಸಿ ತಡ ಆಯ್ತು ಅಷ್ಟೇಯ. ಗುಂಡ್ಲುಪೇಟೆಯಿಂದ ಅವರ ಜನ ಯಾರಾದ್ರೂ ಬಂದಾರು ಅಂತ, ಗುಂಡೀಲಿ ಇಳ್ಸಿ, ಮಣ್ಣಾಕ್ದೆ ಒಂದ್ ಗಂಟೆ ಕಾದೋ."