ಬಸುರಿಯಿದ್ದಾಗ ನುಂಗಿದ ಗುಳಿಗೆ

ಹನ್ನೆರಡನೇ ವಯಸ್ಸಿನಿಂದ ನನಗೆ ಫಿಟ್ಸ್ ಬರುತ್ತಿತ್ತು. ಹೆಣ್ಣು ನೋಡಲು ಬಂದವರ ಮುಂದೆ ಅಪ್ಪ ಅದನ್ನು ಮುಚ್ಚಿಡಲಿಲ್ಲ. "ದಿನಾ ಗುಳಿಗಿ ನುಂಗ್ತಾಳ್ರಿ. ಎರಡು ವರ್ಷಾತು, ಬಂದಿಲ್ಲ" ಅಂದ. ಬಂದವರದು ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟಿದ್ದ ಮನೆ. ಹುಡುಗನ ತಾಯಿ, "ಹಂಗಾದ್ರ ಭಟ್ಟಿ ಬೆಂಕಿ ಹತ್ರ ಕಳಸಂಗಿಲ್ಲ, ಅಷ್ಟ" ಅಂದಳು. ಎಂಬತ್ತರ ದಶಕದ ಶುರುವಿನಲ್ಲಿ ಆಕೆಯೇ ನನ್ನ ಅತ್ತೆಯಾದಳು.

ಮರುವರ್ಷ ನಾನು ಬಸುರಿಯಾದೆ. ಮನೆಯ ಹಾಲೆಲ್ಲ ನನ್ನ ಲೋಟಕ್ಕೇ ಬರತೊಡಗಿತು. ಗುಳಿಗೆ ಮಾತ್ರ ಅತ್ತೆಯ ಕಣ್ಣಿಗೆ ಚುಚ್ಚುತ್ತಿತ್ತು. "ಹೊಟ್ಟ್ಯಾಗಿನ ಕೂಸಿಗೆ ಯಾಕ ವಿಷ ಕುಡಸ್ತೀಯವ್ವಾ? ಹೆರೋತನಕ ಬಿಟ್ಟುಬಿಡು" ಎಂದು ಡಬ್ಬಿ ಎತ್ತಿಟ್ಟಳು. ನನಗೂ ಒಳಗೊಳಗೆ ಅದೇ ಹೆದರಿಕೆ. ಯಾರನ್ನೂ ಕೇಳದೆ ಬಿಟ್ಟೆ.

ಐದನೇ ದಿನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಬಿದ್ದೆ. ಎಚ್ಚರವಾದಾಗ ತಲೆ ಅತ್ತೆಯ ತೊಡೆಯ ಮೇಲಿತ್ತು. ಯಾರೋ ಕೈಗೆ ಬೀಗದ ಕೈ ಹಿಡಿಸಿದ್ದರು. ಅತ್ತೆ ನನ್ನ ಹೊಟ್ಟೆ ಸವರುತ್ತ ಗೊಳೋ ಎಂದು ಅಳುತ್ತಿದ್ದಳು.

ಮರುದಿನ ಇಬ್ಬರೂ ಹರಪನಹಳ್ಳಿ ಬಸ್ಸು ಹತ್ತಿದೆವು.

"ಗುಳಿಗಿ ಬಿಡ್ಸಿದ್ಯಾರು?" ಎಂದರು ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ, ನಡೆದದ್ದನ್ನೆಲ್ಲ ಕೇಳಿ.

"ನಾನ ರೀ" ಎಂದಳು ಅತ್ತೆ, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಡಾಕ್ಟರಮ್ಮ ಬೈಯಲಿಲ್ಲ. "ಗುಳಿಗಿಯಿಂದ ಕೂಸಿಗೆ ತೊಂದ್ರಿ ಆಗಬಹುದು, ನಾ ಸುಳ್ಳು ಹೇಳಲ್ಲ. ತುಟಿ ಸೀಳಿರಬಹುದು, ಹೃದಯದಾಗ ಐಬು ಇರಬಹುದು. ಆದ್ರ ಬಾಳ ಕೂಸುಗಳು ನೆಟ್ಟಗ ಹುಟ್ತಾವ. ಒಮ್ಮಿಗೇ ಬಿಟ್ರ ಫಿಟ್ಸ್ ಬಂದು ತಾಯಿಗೂ ಕುತ್ತು, ಕೂಸಿಗೂ ಕುತ್ತು. ನನ್ನ ಕೇಳದ ಹೆಚ್ಚು ಮಾಡಬ್ಯಾಡ್ರಿ, ಕಡಿಮಿನೂ ಮಾಡಬ್ಯಾಡ್ರಿ. ಹೆರಿಗಿ ಮಾತ್ರ ಇಲ್ಲೇ ಆಗ್ಬೇಕು." ಜೊತೆಗೆ ಫೋಲಿಕ್ ಮಾತ್ರೆಯನ್ನೂ ಬರೆದುಕೊಟ್ಟರು.

ಅಂದಿನಿಂದ ಡಬ್ಬಿ ಅತ್ತೆಯ ಸೊಂಟದ ಚೀಲ ಸೇರಿತು. ಆಕೆಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಬೆಳಗಿನ ಬಸ್ಸು ಹಾರ್ನ್ ಹೊಡೆದರೆ ಒಂದು ಗುಳಿಗೆ, ಭಟ್ಟಿ ಆರಿಸಿದ ಮೇಲೆ ಇನ್ನೊಂದು. ನಾನು ವಾಂತಿ ಮಾಡಿಕೊಂಡರೆ ಬೆನ್ನು ಸವರುವ ಮೊದಲೇ, "ಗುಳಿಗಿ ಬಿತ್ತೇನ್ ನೋಡು!" ಎಂದು ಓಡಿ ಬರುತ್ತಿದ್ದಳು. ಪಕ್ಕದ ಮನೆಯಾಕೆ ಒಮ್ಮೆ, "ಬಸುರಿಗೆ ಇಂಥಾ ಔಷಧ ಕೊಡ್ತಾರೇನಬೇ?" ಎಂದದ್ದೇ ತಡ, "ನೀ ಯಾವ ದವಾಖಾನಿ ಡಾಕ್ಟರ್ ಅದೀ?" ಎಂದು ಬಾಯಿ ಮುಚ್ಚಿಸಿದಳು. ನಾನು ಒಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮತ್ತೆ ಫಿಟ್ಸ್ ಬರಲಿಲ್ಲ. ಹರಪನಹಳ್ಳಿ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ನರ್ಸ್ ಅದರ ತೊಡೆಗೆ ಸೂಜಿ ಚುಚ್ಚಿದಾಗ ಅತ್ತೆ ಹೌಹಾರಿದಳು. "ತಾಯಿ ಈ ಗುಳಿಗಿ ತಗಂಡಿದ್ರ ಕೂಸಿಗೆ ರಕ್ತ ಸೋರಬಹುದು, ಅದು ಆಗಬಾರದಂತ ಈ ಸೂಜಿ" ಎಂದು ನರ್ಸ್ ತಿಳಿಸಿ ಹೇಳಿದಳು. ಆಮೇಲೆ ಅತ್ತೆ ಮಗುವನ್ನು ಕಿಟಕಿಯ ಬೆಳಕಿಗೆ ಒಯ್ದು, ತುಟಿ ನೋಡಿ, ಬಾಯಿ ತೆರೆಸಿ ಅಂಗುಳ ನೋಡಿ, ಕೈಕಾಲಿನ ಬೆರಳುಗಳನ್ನೆಲ್ಲ ಒಂದೊಂದಾಗಿ ಮುಟ್ಟಿ, ನನ್ನ ಕಡೆ ತಿರುಗಿದಳು. ಎಲ್ಲ ನೆಟ್ಟಗಿದೆ ಎಂಬಂತೆ ತಲೆಯಾಡಿಸಿದಳು. ಡಾಕ್ಟರಮ್ಮನೂ ಎದೆ ಬಡಿತ ಕೇಳಿ, "ಚಲೋ ಐತಿ" ಎಂದರು.

"ಎದಿ ಹಾಲು ಕುಡಸಬಹುದೇನ್ರಿ?" ಎಂದು ಕೇಳಿದೆ.

"ಕುಡಸ್ರಿ. ಕೂಸು ಮಂಕಾಗಿ ಬರೀ ನಿದ್ದಿ ಮಾಡಾಕ ಹತ್ತಿದ್ರ ನನಗ ಹೇಳ್ರಿ."

ಅಷ್ಟರಲ್ಲಿ ಮಗು ವಾರ್ಡೆಲ್ಲ ಬೆಚ್ಚುವಂತೆ ಚೀರಿತು. ಅತ್ತೆ ನಗುತ್ತ ಅದನ್ನು ನನ್ನ ಮಡಿಲಿಗಿಟ್ಟು, "ಇದೇನ್ ನಿದ್ದಿ ಮಾಡೋ ಕೂಸಲ್ಲ ಬಿಡ್ರಿ" ಅಂದಳು.